ಒಣನೆಲದ ಬಿಸಿ: ನೀರಿನ ಪಾಲೆಷ್ಟು, ನೆರಳಿನ ಪಾಲೆಷ್ಟು

ಒಣಭೂಮಿಯಲ್ಲಿ ಪೊದೆಯ ಬುಡದ ಮಣ್ಣು ತಂಪಾಗಿರುವುದು ಎಲ್ಲರಿಗೂ ಗೊತ್ತು. ಆ ತಂಪಿನಲ್ಲಿ ನೆರಳಿನ ಪಾಲೆಷ್ಟು, ತೇವದ ಪಾಲೆಷ್ಟು ಎಂದು ಬಿಡಿಸಲು ನಾನು 2 ಮೀಟರ್ ಚೌಕದ ಐದು ತಾಕು ಮಾಡುತ್ತೇನೆ: ಬೋಳು ಒಣನೆಲ, ಬೋಳು ಹಸಿನೆಲ, ಗಿಡವಿರುವ ಒಣನೆಲ, ಗಿಡವಿರುವ ಹಸಿನೆಲ, ಮತ್ತು ಗಿಡವಿಲ್ಲದೆ ನೆರಳುಬಲೆ ಮಾತ್ರ ಇರುವ ಒಣನೆಲ. ಐದನೆಯದು ಬೇಕೇ ಬೇಕು. ಗಿಡ ನೆರಳು ಕೊಡುವುದರ ಜೊತೆಗೆ ಬೇರಿನಿಂದ ನೀರನ್ನೂ ಎಳೆಯುತ್ತದೆ, ಬಲೆ ಎಳೆಯುವುದಿಲ್ಲ. ಬಲೆಯನ್ನು 50 ಸೆಂ.ಮೀ. ಎತ್ತರದಲ್ಲಿ, ಸುತ್ತ ಗಾಳಿಯಾಡುವಂತೆ, ಓರೆ ಬಿಸಿಲು ನಡುಭಾಗಕ್ಕೆ ಬೀಳದಷ್ಟು ಅಗಲವಾಗಿ ಕಟ್ಟುತ್ತೇನೆ.

ಬಿಸಿ ಅಳೆಯಲು ನೀರು ಒಳಹೋಗದ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಸಾಕು. ಅದರ ನಿಖರತೆ ±0.5 ಡಿಗ್ರಿ, ಹಾಗಾಗಿ ಹೂಳುವ ಮೊದಲು ಎಲ್ಲವನ್ನೂ ಒಟ್ಟಿಗೆ ಪುಡಿ ಮಂಜುಗಡ್ಡೆಯ ನೀರಿನಲ್ಲಿಟ್ಟು, 0 ಡಿಗ್ರಿಯಿಂದ ಯಾವುದು ಎಷ್ಟು ತಪ್ಪುತ್ತದೆ ಎಂದು ಬರೆದುಕೊಳ್ಳಬೇಕು. ಡೇಟಾ ತಂತಿಗೂ ವಿದ್ಯುತ್ ತಂತಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿ. ದಾಖಲೆಯಲ್ಲಿ ಇದ್ದಕ್ಕಿದ್ದಂತೆ 85 ಕಾಣಿಸಿದರೆ ಅದು ಮಣ್ಣಿನ ಬಿಸಿಯಲ್ಲ, ಸೆನ್ಸರ್ ಆಗಷ್ಟೇ ಚಾಲೂ ಆಗಿ ಇನ್ನೂ ಅಳತೆ ಮುಗಿಸಿಲ್ಲ ಎಂದರ್ಥ.

ಮೇಲಿನಿಂದ ತೂತು ಕೊರೆದು ಸೆನ್ಸರ್ ಇಳಿಸಬೇಡಿ. ಬದಿಯಲ್ಲಿ ಗುಂಡಿ ತೆಗೆದು, ಕದಡದ ಗೋಡೆಗೆ 2, 5, 15, 30 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ ಚುಚ್ಚಿ. ವೈರನ್ನೂ ಅದೇ ಆಳದಲ್ಲಿ 25 ಸೆಂ.ಮೀ.ನಷ್ಟು ಓಡಿಸಿ ಆಮೇಲೆ ಮೇಲಕ್ಕೆ ತನ್ನಿ. ಇಲ್ಲದಿದ್ದರೆ ಒಳಗಿನ ತಾಮ್ರ ಮೇಲಿನ ಬಿಸಿಯನ್ನು ನೇರ ಸೆನ್ಸರ್‌ಗೆ ತಲುಪಿಸುತ್ತದೆ. ಎರೆಮಣ್ಣು ಒಣಗಿ ಬಿರಿದಾಗ ಸೆನ್ಸರ್ ಸುತ್ತ ಗಾಳಿಸಂದು ಬೀಳುತ್ತದೆ. ಬಿರುಕು ಹತ್ತಿರ ಬಂದರೆ ಆ ಸೆನ್ಸರನ್ನು ಕಿತ್ತು ಬೇರೆಡೆ ಹೂಳುವುದೇ ಸರಿ.

ಹಸಿ ತಾಕಿಗೆ 20 ಮಿ.ಮೀ., ಅಂದರೆ ಚದರ ಮೀಟರಿಗೆ 20 ಲೀಟರ್ ನೀರನ್ನು ಝಾರಿಯಲ್ಲಿ ಸಂಜೆ ನಿಧಾನವಾಗಿ ಹಾಕುತ್ತೇನೆ. ಇನ್ನು ಮುಂದಿನದೇ ಮುಖ್ಯ. ನೀರಿಗೆ ಬಿಸಿ ಹಿಡಿದಿಡುವ ಶಕ್ತಿ ಹೆಚ್ಚು, ಅದಕ್ಕೇ ಹಸಿಮಣ್ಣು ತಂಪು ಎನ್ನುತ್ತಾರೆ. ಅದು ಚಿಕ್ಕ ಪಾಲು. ಅರ್ಧದಷ್ಟು ರಂಧ್ರವಿರುವ ಒಣಮಣ್ಣಿನ ಮೇಲಿನ 10 ಸೆಂ.ಮೀ. ಪದರವನ್ನು 1 ಡಿಗ್ರಿ ಬಿಸಿ ಮಾಡಲು ಚದರ ಮೀಟರಿಗೆ ಸುಮಾರು 0.1 ಮೆಗಾಜೂಲ್ ಬೇಕು; ಗಾತ್ರದಲ್ಲಿ 20% ನೀರು ಸೇರಿದರೆ ಸುಮಾರು 0.18. ಆದರೆ ಬರೀ 1 ಮಿ.ಮೀ. ನೀರು ಆವಿಯಾಗಲು 2.45 ಮೆಗಾಜೂಲ್ ಬೇಕು, ಅಷ್ಟು ಶಾಖದಲ್ಲಿ ಆ ಒಣಪದರ 20 ಡಿಗ್ರಿಗಿಂತ ಹೆಚ್ಚು ಕಾಯುತ್ತಿತ್ತು. ತಂಪು ಕೊಡುವುದು ಆವಿ.

ಆದ್ದರಿಂದಲೇ ಬೋಳುನೆಲದ ಮೇಲಿನ ಒಂದೆರಡು ಸೆಂ.ಮೀ. ಒಣಗಿದ ಕೂಡಲೇ ಮೇಲ್ಮೈ ಬಿಸಿ ಏರಿಬಿಡುತ್ತದೆ, 15 ಸೆಂ.ಮೀ.ನಲ್ಲಿ ಮಣ್ಣು ಇನ್ನೂ ಹಸಿಯಾಗಿದ್ದರೂ ಸರಿ. ಆಳದ ತೇವವನ್ನು ಮೇಲಿನ ಬಿಸಿಗೆ ಹೊಂದಿಸಿದರೆ ಸಂಬಂಧವೇ ಕಾಣುವುದಿಲ್ಲ. ಬಿಸಿ ಅಳೆದ ಆಳದಲ್ಲೇ ತೇವವನ್ನೂ ಅಳೆಯಿರಿ: ಸೆನ್ಸರ್‌ನಿಂದ 40 ಸೆಂ.ಮೀ. ದೂರದಲ್ಲಿ ಅಳತೆಯ ಕೊಳವೆಯಿಂದ ಮಣ್ಣು ತೆಗೆದು, ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ.

ಮಧ್ಯಾಹ್ನದ ಒಂದೇ ಅಳತೆಯಿಂದ ತಾಕುಗಳನ್ನು ಹೋಲಿಸುವುದು ತಪ್ಪು. ಮೇಲ್ಮೈ ಮಧ್ಯಾಹ್ನ ಒಂದರ ಸುಮಾರಿಗೆ ಕಾದರೆ 15 ಸೆಂ.ಮೀ. ಆಳಕ್ಕೆ ಆ ಬಿಸಿ ತಲುಪುವುದು ಸಂಜೆಗೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ನೋಡಿ. ಪೊದೆಯ ಕೆಳಗೆ ಗರಿಷ್ಠ ಬಹಳ ಇಳಿಯುತ್ತದೆ. ಕನಿಷ್ಠ ಮಾತ್ರ ಬೋಳುನೆಲಕ್ಕಿಂತ ತುಸು ಮೇಲಿರುತ್ತದೆ, ಏಕೆಂದರೆ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗುವುದನ್ನು ಎಲೆಗಳು ತಡೆಯುತ್ತವೆ. ಬಿದ್ದ ಒಣ ತರಗೆಲೆಯನ್ನು ಗುಡಿಸಬೇಡಿ, ಅದೂ ಹೊದಿಕೆಯ ಭಾಗವೇ.

ಕೊನೆಗೆ ಇಡೀ ಜಮೀನಿನ ಸರಾಸರಿ ಬೇಕಾದರೆ ಪೊದೆಯ ಅಡಿಯ ಮತ್ತು ನಡುಬಯಲಿನ ಅಳತೆಗಳನ್ನು ಸಮವಾಗಿ ಕೂಡಿಸಬಾರದು. ಪೊದೆಗಳು ನೆಲದ 30% ಭಾಗವನ್ನು ಮುಚ್ಚಿದ್ದರೆ ಪೊದೆಯಡಿಯ ಅಳತೆಗೆ 0.3, ಬಯಲಿನದಕ್ಕೆ 0.7 ತೂಕ ಕೊಡಿ.