ಗೋಥೈಟ್ ನೀರಿಗೆ ಉಪ್ಪು ಹಾಕಿ ಪಿಎಚ್ ನೋಡಿದ್ದು: ನನ್ನ ಅನುಭವ

ಅಡುಗೆ ಉಪ್ಪು ಹಾಕಿದ್ರೆ ನೀರಿನ ಪಿಎಚ್ ಬದಲಾಗಲ್ಲ ಅಂತ ಪಿಯುಸಿಲೇ ಓದಿರ್ತೀವಿ, ಆದ್ರೆ ಆ ನೀರಲ್ಲಿ ಐರನ್ ಆಕ್ಸೈಡ್ ಪುಡಿ ಇದ್ರೆ ಬದಲಾಗುತ್ತೆ, ಅದೂ ಚೆನ್ನಾಗೇ ಬದಲಾಗುತ್ತೆ.

ನಾನು ತಗೊಂಡಿದ್ದು ಗೋಥೈಟ್, ಅಂದ್ರೆ ಹಳದಿ ಬಣ್ಣದ ಒಂದು ಕಬ್ಬಿಣದ ಖನಿಜ. ಫೆರಿಕ್ ನೈಟ್ರೇಟ್‌ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸುರಿದ್ರೆ ಮೊದ್ಲು ಕೆಂಪು ಕಂದು ಲೋಳೆ ಬರುತ್ತೆ, 70 ಡಿಗ್ರಿ ಓವನ್ನಲ್ಲಿ 60 ಗಂಟೆ ಇಟ್ರೆ ಹಳದಿಗೆ ತಿರುಗುತ್ತೆ. ಪಾತ್ರೆ ಪ್ಲಾಸ್ಟಿಕ್‌ದೇ ಆಗ್ಬೇಕು, ಗಾಜಾದ್ರೆ ಅದರ ಸಿಲಿಕಾ ಕ್ಷಾರದಲ್ಲಿ ಕರಗಿ ಬಂದು ಗೋಥೈಟ್ ಮೇಲೆ ಕೂತ್ಬಿಡುತ್ತೆ. ಆಮೇಲೆ ತೊಳೆಯೋದು, ತೊಳೆಯೋದು, ತೊಳೆಯೋದು. ಇಷ್ಟು ಬೋರಿಂಗ್ ಕೆಲಸ ಇನ್ನೊಂದಿಲ್ಲ, ಆದ್ರೆ ಇಲ್ಲಿ ಉಳಿದ ಅಯಾನು ಮುಂದೆ ಕಾಟ ಕೊಡುತ್ತೆ.

ಪುಡಿನ ನೀರಲ್ಲಿ ಕಲಸಿ, ನೈಟ್ರೋಜನ್ ಗುಳ್ಳೆ ಬಿಡ್ತಾ, ಬೇರೆ ಬೇರೆ ಪಿಎಚ್‌ಗೆ ತಂದಿಟ್ಕೊಂಡು ಸೋಡಿಯಂ ಕ್ಲೋರೈಡ್ ಹಾಕ್ತಾ ಹೋದೆ. ಪಿಎಚ್ 5, 6 ಅಲ್ಲಿ ಉಪ್ಪು ಬಿದ್ರೆ ಪಿಎಚ್ ಮೇಲಕ್ಕೆ, 10ರಲ್ಲಿ ಬಿದ್ರೆ ಕೆಳಕ್ಕೆ. ಯಾಕಂದ್ರೆ ಕಡಿಮೆ ಪಿಎಚ್‌ನಲ್ಲಿ ಗೋಥೈಟ್ ಮೈಮೇಲಿನ ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳು ನೀರಲ್ಲಿರೋ ಪ್ರೋಟಾನ್ (ಹೈಡ್ರೋಜನ್ ಅಯಾನು) ಹಿಡ್ಕೊಂಡು ಪಾಸಿಟಿವ್ ಆಗಿರುತ್ವೆ, ಒಂದು ಹಂತ ಆದ್ಮೇಲೆ ಇರೋ ಚಾರ್ಜೇ ಹೊಸ ಪ್ರೋಟಾನನ್ನ ದೂರ ತಳ್ಳುತ್ತೆ, ಕ್ಲೋರೈಡ್ ಬಂದು ಸುತ್ತ ನೆರೆದ್ರೆ ಆ ತಳ್ಳಾಟ ತಗ್ಗಿ ಇನ್ನೊಂದಷ್ಟು ಪ್ರೋಟಾನಿಗೆ ಜಾಗ ಆಗುತ್ತೆ, ನೀರಲ್ಲಿ ಪ್ರೋಟಾನ್ ಕಮ್ಮಿ ಆಯ್ತಲ್ಲ, ಪಿಎಚ್ ಏರುತ್ತೆ. ಜಾಸ್ತಿ ಪಿಎಚ್ ಕಡೆ ಮೈ ನೆಗೆಟಿವ್ ಆಗಿರುತ್ತೆ, ಅಲ್ಲಿ ಸೋಡಿಯಂ ಇದೇ ಕೆಲಸ ಉಲ್ಟಾ ಮಾಡುತ್ತೆ. ನಡುವೆ 9ರ ಆಸುಪಾಸಲ್ಲಿ ಎಷ್ಟು ಉಪ್ಪು ಹಾಕಿದ್ರೂ ಮೀಟರ್ ಕದಲಲ್ಲ, ಅದೇ ಶೂನ್ಯ ಚಾರ್ಜ್ ಬಿಂದು, ಅಂದ್ರೆ ಮೈಮೇಲಿನ ಪಾಸಿಟಿವ್, ನೆಗೆಟಿವ್ ಚಾರ್ಜ್ ಸರಿಸಮ ಆಗೋ ಪಿಎಚ್. ಅಲ್ಲಿ ಕಣಗಳು ಒಂದಕ್ಕೊಂದು ಅಂಟಿ ದಬದಬ ತಳ ಸೇರ್ತವೆ, ಕಣ್ಣಿಗೇ ಕಾಣುತ್ತೆ.

ನೈಟ್ರೋಜನ್ ಯಾಕೆ ಅಂದ್ರೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾರ್ಬೊನೇಟ್ ಆಗಿ ಮೇಲ್ಮೈಗೆ ಅಂಟಿ ಆ 9ನ್ನ 8ರ ಹತ್ರಕ್ಕೆ ಎಳ್ಕೊಂಡು ಬರುತ್ತೆ. ಇನ್ನೊಂದು, ಉಪ್ಪು ಜಾಸ್ತಿ ಆದ್ರೆ ಎಲೆಕ್ಟ್ರೋಡ್ ರೀಡಿಂಗ್ ತಾನೇ ಸ್ವಲ್ಪ ಜರುಗುತ್ತೆ, ಅದಕ್ಕೆ ಪುಡಿ ಇಲ್ಲದ ಬ್ಲ್ಯಾಂಕ್ ಜೊತೆಗೇ ಓಡಿಸಿ. ಇದಿಲ್ಲದ ಡೇಟಾನ ನಾನಂತೂ ನಂಬಲ್ಲ.

ಕ್ಲೋರೈಡ್ ಬದಲು ಸಲ್ಫೇಟ್ ಹಾಕಿದ್ರೆ ಆಸಿಡ್ ಕಡೆ ಪಿಎಚ್ ಇನ್ನೂ ಜೋರಾಗಿ ಏರುತ್ತೆ. ಫಾಸ್ಫೇಟ್ ಇನ್ನೂ ಗಟ್ಟಿ, ನೀರಿನ ಪದರ ಸರಿಸಿ ನೇರ ಕಬ್ಬಿಣಕ್ಕೇ ಬಾಂಡ್ ಮಾಡ್ಕೊಳ್ಳುತ್ತೆ, ಕರಾವಳಿ ಜಂಬಿಟ್ಟಿಗೆ ಮಣ್ಣಲ್ಲಿ ರಂಜಕದ ಗೊಬ್ಬರ ಗಿಡಕ್ಕೆ ಪೂರ್ತಿ ಸಿಗದೇ ಇರೋದಕ್ಕೆ ಇದೂ ಒಂದು ಕಾರಣ. ಹಾಗಾಗಿ ಫಾಸ್ಫೇಟ್ ರನ್ ಕೊನೆಗೆ ಇಟ್ಕೊಳ್ಳಿ, ಕ್ಲೋರೈಡ್ ನೀರಲ್ಲಿ ತೊಳೆದ್ರೆ ಹೋಗುತ್ತೆ, ಇದು ಹೋಗಲ್ಲ, ಆ ಪುಡಿನ ಬೇರೆ ಯಾವ ಟೆಸ್ಟಿಗೂ ಬಳಸೋಕಾಗಲ್ಲ.