ಹನಿ ಹಾಕುವ ಮುಂಚೆ ಐರಿಸ್ ನೋಡಿ

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮುಖ್ಯ ಸಿರೆ ಕಟ್ಟಿಕೊಂಡವರು ಒಪಿಡಿಗೆ ಬಂದರೆ, ನಾನು ನೋಡುವ ತನಕ ಪಾಪೆ ಹಿಗ್ಗಿಸುವ ಹನಿ ಹಾಕಬೇಡಿ ಎಂದು ಸಿಸ್ಟರ್‌ಗೆ ಹೇಳಿಟ್ಟಿದ್ದೇನೆ. ಸಾಲು ಬೆಳೆಯುತ್ತದೆ, ಗೊಣಗಾಟವೂ ಕೇಳಿಸುತ್ತದೆ. ಆದರೆ ಈ ಕಾಯಿಲೆಯಲ್ಲಿ ಕಣ್ಣು ಕೆಡಿಸುವ ಹೊಸ ರಕ್ತನಾಳಗಳು ಎಷ್ಟೋ ಸಲ ಮೊದಲು ಕಾಣುವುದು ಐರಿಸ್ ಮೇಲೆ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಬಳೆಯ ಮೇಲೆ. ಪಾಪೆ ಹಿಗ್ಗಿತೋ, ಅವು ಐರಿಸ್‌ನ ಮಡಿಕೆಯಲ್ಲಿ ಮರೆಯಾಗುತ್ತವೆ.

ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಮೈಕ್ರೋಸ್ಕೋಪಿನಲ್ಲಿ ದೊಡ್ಡದು ಮಾಡಿಕೊಂಡು ಪಾಪೆಯ ಅಂಚನ್ನು ಒಂದು ಸುತ್ತು ನಿಧಾನಕ್ಕೆ ನೋಡುತ್ತೇನೆ. ನಮ್ಮವರ ಕಡುಕಂದು ಐರಿಸ್‌ನಲ್ಲಿ ಆ ಕೆಂಪು ಎಳೆ ಸುಲಭಕ್ಕೆ ಸಿಗುವುದಿಲ್ಲ. ಪಠ್ಯಪುಸ್ತಕದ ನೀಲಿಗಣ್ಣಿನ ಫೋಟೋ ನೆಚ್ಚಿಕೊಂಡು ಕೂರುವಂತಿಲ್ಲ. ಆಮೇಲೆ ಗೋನಿಯೋ ಲೆನ್ಸ್: ಕಣ್ಣಿಗೆ ತಾಗಿಸಿಟ್ಟರೆ ಐರಿಸ್ ಮತ್ತು ಕಾರ್ನಿಯಾ ಸೇರುವ ಕೋನ, ಅಂದರೆ ಕಣ್ಣಿನೊಳಗಿನ ನೀರು ಹೊರಹೋಗುವ ಜಾಗ, ಅದರಲ್ಲಿ ಕಾಣುತ್ತದೆ. ಕೆಲವರಲ್ಲಿ ಅಂಚು ಶುಭ್ರವಾಗಿದ್ದು ಕೋನದಲ್ಲಿ ನಾಳ ಆಗಲೇ ಹಬ್ಬಿರುತ್ತದೆ. ಲೆನ್ಸನ್ನು ಒತ್ತಬಾರದು, ಒತ್ತಿದರೆ ಸಣ್ಣ ನಾಳ ಬಿಳಿಚಿಕೊಂಡು ಕಾಣುವುದೇ ಇಲ್ಲ.

ರಕ್ತ ತಲುಪದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದು ಕಣ್ಣಿನ ಮುಂಭಾಗಕ್ಕೆ ಬಂದು ನಾಳ ಹುಟ್ಟಿಸುತ್ತದೆ, ನಾಳದ ಜೊತೆ ಬರುವ ಪೊರೆ ಕೋನ ಮುಚ್ಚುತ್ತದೆ, ಒತ್ತಡ ಏರುತ್ತದೆ. ಸಿರೆ ಕಟ್ಟಿ ಸುಮಾರು ನೂರು ದಿನಕ್ಕೆ ಕಾಣಿಸಿಕೊಳ್ಳುವ ಇದನ್ನೇ ಹಳಬರು ನೂರು ದಿನದ ಗ್ಲಾಕೋಮಾ ಎನ್ನುತ್ತಿದ್ದುದು. ಹಾಗಾಗಿ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಬರಲೇಬೇಕು.

ಡಿಸ್ಕ್, ಅಂದರೆ ರೆಟಿನಾದಿಂದ ದೃಷ್ಟಿನರ ಹೊರಡುವ ಜಾಗ, ಅದರ ಮೇಲಿನ ಸುರುಳಿ ನಾಳಗಳೆಲ್ಲ ಶತ್ರುಗಳಲ್ಲ. ಕಟ್ಟಿದ ರಕ್ತಕ್ಕೆ ದೇಹವೇ ಮಾಡಿಕೊಂಡ ಅಡ್ಡದಾರಿಗಳೂ ಇರುತ್ತವೆ. ಕೈಗೆ ಬಣ್ಣದ ದ್ರವ ಚುಚ್ಚಿ ರೆಟಿನಾದ ಫೋಟೋ ತೆಗೆಯುವ ಫ್ಲೋರೆಸಿನ್ ಆಂಜಿಯೋಗ್ರಫಿಯಲ್ಲಿ ಅವು ಸೋರುವುದಿಲ್ಲ. ಅವನ್ನು ಮುಟ್ಟುವುದಿಲ್ಲ.

ರಕ್ತವಿಲ್ಲದ ರೆಟಿನಾವನ್ನು ಸುಟ್ಟು ವಿಇಜಿಎಫ್ ತಗ್ಗಿಸುವ ಲೇಸರ್ ಯಾವಾಗ? ಐರಿಸ್‌ನಲ್ಲೋ ಕೋನದಲ್ಲೋ ನಾಳ ಕಂಡ ಕೂಡಲೇ ಮಾಡಿ, ಅದಕ್ಕೂ ಮುಂಚೆ ಬೇಡ ಎಂದದ್ದು 1995ರಲ್ಲಿ ಬಂದ ಅಮೆರಿಕದ ಸಿವಿಒಎಸ್ (ಇದೇ ಕಾಯಿಲೆಯ ಅಧ್ಯಯನ) ವರದಿ. ಆದರೆ ಆ ಮಾತು ರೋಗಿ ತಪ್ಪದೆ ಬರುತ್ತಾನೆಂದಾದರೆ ಮಾತ್ರ. ರೆಟಿನಾದ ಬಹುಭಾಗಕ್ಕೆ ರಕ್ತವಿಲ್ಲ, ಊರು ದೂರ, ಕರೆತರಲು ಜನವಿಲ್ಲ ಅಂದಾಗ ನಾನು ಕಾಯುವುದಿಲ್ಲ.

ನಾಳ ಕಂಡವರಿಗೆ ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಇಂಜೆಕ್ಷನ್ ಕಣ್ಣಿಗೆ ಕೊಡುತ್ತೇನೆ. ಕರುಳಿನ ಕ್ಯಾನ್ಸರ್‌ಗೆ ಬಂದ ಔಷಧ ಅದು. ಕೆಲವೇ ದಿನದಲ್ಲಿ ನಾಳ ಬತ್ತುತ್ತದೆ. ತಲೆನೋವು ಶುರುವಾಗುವುದೇ ಅಲ್ಲಿ: ‘ಈಗ ಆರಾಮಿದೆ ಡಾಕ್ಟ್ರೇ, ಕೊಯ್ಲು ಮುಗಿಸ್ಕೊಂಡು ಬರ್ತೀನಿ’ ಎನ್ನುತ್ತಾರೆ. ಔಷಧದ ಜೋರು ಕೆಲವು ವಾರವಷ್ಟೇ, ಆಮೇಲೆ ನಾಳ ಮತ್ತೆ ಚಿಗುರುತ್ತದೆ. ಅದಕ್ಕೇ ಇಂಜೆಕ್ಷನ್ ದಿನವೇ ಲೇಸರ್ ತಾರೀಖು ಬರೆದು, ಜೊತೆಗೆ ಬಂದವರ ಕೈಗೆ ಚೀಟಿ ಕೊಡುತ್ತೇನೆ. ಲೇಸರ್‌ನಿಂದ ಹೋದ ದೃಷ್ಟಿ ಬರುವುದಿಲ್ಲ, ಕಣ್ಣು ನೋವಿಲ್ಲದೆ ಉಳಿಯಲಿ ಎಂದು ಮಾಡುವುದು ಎಂಬುದನ್ನೂ ಆಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎರಡನೇ ಸಿಟ್ಟಿಂಗ್‌ಗೆ ಆಸಾಮಿ ನಾಪತ್ತೆ.