ಸಂಘದ ಸಂಚಿಕೆ ತರುತ್ತಿದ್ದೀರಾ? ಲೇಖನ ತಿದ್ದುವ ಕ್ರಮ ಹೀಗಿರಲಿ

ರಾಜ್ಯೋತ್ಸವ ಹತ್ತಿರವಾದಂತೆ ಬೆಂಗಳೂರಿನ ಬಡಾವಣೆ, ಅಪಾರ್ಟ್‌ಮೆಂಟ್, ಕಾರ್ಖಾನೆಗಳ ಕನ್ನಡ ಸಂಘಗಳಲ್ಲಿ ಸ್ಮರಣ ಸಂಚಿಕೆಯ ಓಡಾಟ ಶುರುವಾಗುತ್ತದೆ. ಇಪ್ಪತ್ತೈದು ಮೂವತ್ತು ಮಂದಿ ಬರೆಯುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಸಾಫ್ಟ್‌ವೇರ್‌ನವರು, ಒಂಬತ್ತನೇ ತರಗತಿಯ ಹುಡುಗಿ ಎಲ್ಲರೂ ಇರುತ್ತಾರೆ. ಅಚ್ಚಾಗಿ ಬಂದಾಗ ನೋಡಿದರೆ ಕೆಂಪೇಗೌಡರ ಮೇಲೆ ಮೂರು ಲೇಖನ, ಒಂದೊಂದರಲ್ಲಿ ಒಂದೊಂದು ಇಸವಿ. ಬರೆದವರನ್ನು ದೂರಿ ಫಲವಿಲ್ಲ. ಸಂಪಾದಕ ಮಂಡಳಿ ಲೇಖನ ಕೈಗೆ ಬಂದೊಡನೆ ಕಾಗುಣಿತ ತಿದ್ದಲು ಕೂತಿರುತ್ತದೆ. ಕಾಗುಣಿತ ಕಡೆಯ ಕೆಲಸ.

ಕೇಳುವಾಗಲೇ ಬಿಗಿ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಲೇಖನಗಳನ್ನು ಆಹ್ವಾನಿಸಲಾಗಿದೆ’ ಎಂದು ಹಾಕಬೇಡಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿಷಯ ಕೊಡಿ, ವಿಷಯ ಸಣ್ಣದಿರಲಿ. ‘ನಮ್ಮ ನಾಡು ನುಡಿ’ ಕೊಟ್ಟರೆ ಭಾಷಣ ಬರುತ್ತದೆ. ‘ನಮ್ಮ ಬಡಾವಣೆಯ ಕೆರೆ ಯಾವಾಗ ಬಸ್ ನಿಲ್ದಾಣವಾಯಿತು’ ಎಂದು ಕೊಟ್ಟರೆ ಲೇಖನ ಬರುತ್ತದೆ. ಮಿತಿ 600 ಪದ. ಡೆಮಿ ಅಷ್ಟಮ ಅಳತೆಯ ಪುಸ್ತಕದಲ್ಲಿ ಅದು ಎರಡೂವರೆಯಿಂದ ಮೂರು ಪುಟವಾಗುತ್ತದೆ, ಓದುಗರು ಸಹಿಸುವುದೂ ಅಷ್ಟನ್ನೇ. ನವೆಂಬರ್ 1ಕ್ಕೆ ಪುಸ್ತಕ ಬೇಕಿದ್ದರೆ ಬರೆಯುವವರಿಗೆ ಆಗಸ್ಟ್ 20ರ ಗಡುವು ಹೇಳಿ, ನಿಮ್ಮ ಲೆಕ್ಕದಲ್ಲಿ ಆಗಸ್ಟ್ 31 ಇರಲಿ. ಗಣೇಶನ ಹಬ್ಬ, ದಸರಾ ರಜೆ ಶುರುವಾದರೆ ಯಾರೂ ಸಿಗುವುದಿಲ್ಲ.

ವಿಷಯ, ಗಡುವು ತಿಳಿಸುವ ಪತ್ರದಲ್ಲೇ ಈ ಮಾತನ್ನೂ ಸೇರಿಸಿ: ‘ಲೇಖನವನ್ನು ಸಂಪಾದಕರು ತಿದ್ದುತ್ತಾರೆ. ತಿದ್ದಿದ್ದನ್ನು ಒಮ್ಮೆ ತೋರಿಸುತ್ತೇವೆ. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ.’ ಆಮೇಲೆ ಬರುವ ಮುನಿಸು ಅರ್ಧಕ್ಕರ್ಧ ಇಲ್ಲೇ ಇಳಿಯುತ್ತದೆ.

ಅಕ್ಷರ ಒಂದೇ ಜಾತಿಯದಾಗಲಿ

ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ತೆರೆಯುವ ಅಕ್ಷರ ಸಂಕೇತಕ್ಕೆ ತನ್ನಿ. ಪಿಡಿಎಫ್ ಬೇಡ, ಕೈಬರಹದ ಫೋಟೊ ಬಂದರೆ ಟೈಪ್ ಮಾಡಿಸಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಕಡತವನ್ನು ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. ಆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುವುದು ಹೀಗೆ. ಅಂತರ್ಜಾಲದಲ್ಲಿ ಬಿಟ್ಟಿ ಸಿಗುವ ಪರಿವರ್ತಕಗಳಲ್ಲಿ ಹಲವು ಈ ತಪ್ಪನ್ನೇ ಮಾಡುತ್ತವೆ. ಆದ್ದರಿಂದ ‘ರ್’ ಎಂದು ಹುಡುಕಿ ಪ್ರತಿಯೊಂದನ್ನೂ ಕಣ್ಣಿಂದ ನೋಡಿ. ಜತೆಗೆ ೦ ಮತ್ತು ೯ ಅಂಕಿಗಳನ್ನೂ ಹುಡುಕಿ. ಅನುಸ್ವಾರದ ಬದಲು ಸೊನ್ನೆ, ಅರ್ಕಾವೊತ್ತಿನ ಬದಲು ಒಂಬತ್ತು ಒತ್ತುವವರು ಬಹಳ. ಪರದೆಯ ಮೇಲೆ ‘ಸ೦ಘ’ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ತಿದ್ದುವಾಗ ಯಾವುದು ಮೊದಲು

ಇಲ್ಲಿಯೇ ಹೆಚ್ಚಿನವರು ಎಡವುವುದು. ಮೊದಲ ಓದಿಗೆ ಕೈಯಲ್ಲಿ ಪೆನ್ನು ಬೇಡ. ಮೂವತ್ತನ್ನೂ ಓದಿ ಮೂರು ಗುಂಪು ಮಾಡಿ: ಹಾಕುವುದು, ಕೇಳಿ ಹಾಕುವುದು, ಬೇಡ. ‘ಬೇಡ’ ಎಂಬುದನ್ನು ಆ ವಾರವೇ ಫೋನಿನಲ್ಲಿ ಹೇಳಿಬಿಡಿ. ಮುಲಾಜಿಗೆ ಇಟ್ಟುಕೊಂಡ ಲೇಖನವನ್ನು ಎಷ್ಟು ತಿದ್ದಿದರೂ ಅದು ಮೇಲೇಳುವುದಿಲ್ಲ, ಉಳಿದವುಗಳ ಸಮಯವನ್ನೂ ತಿನ್ನುತ್ತದೆ.

ಎರಡನೇ ಓದಿನಲ್ಲಿ ಲೇಖನ ಎಲ್ಲಿ ಶುರುವಾಗುತ್ತದೆ ನೋಡಿ. ಸಾಮಾನ್ಯವಾಗಿ ಎರಡನೇ ಪ್ಯಾರಾದಲ್ಲಿ. ಮೊದಲನೆಯದರಲ್ಲಿ ‘ಕನ್ನಡ ನಾಡು ಗಂಧದ ಗುಡಿ, ಶಿಲ್ಪಕಲೆಯ ತವರು’ ಇರುತ್ತದೆ. ಹೊಡೆದುಹಾಕಿ.

ಮೂರನೆಯದು ಸಂಗತಿ. ಪ್ರತಿ ಇಸವಿ, ಹೆಸರು, ಊರಿನ ಕೆಳಗೆ ಗೆರೆ ಎಳೆದು ‘ಇದು ಎಲ್ಲಿಂದ?’ ಎಂದು ಕೇಳಿ. ಬೆಂಗಳೂರಿನ ಸಂಚಿಕೆಗಳಿಗೆ ತಪ್ಪದೆ ಬರುವ ಕೆಲವು ಇವೆ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎನ್ನುವುದು ಮೊದಲನೆಯದು. ಬಲ್ಲಾಳ 12ನೇ ಶತಮಾನದವನು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಿನಲ್ಲಿ ಸುಮಾರು ಕ್ರಿ.ಶ. 900ರ ಹೊತ್ತಿಗೇ ಬೆಂಗಳೂರಿನ ಕಾಳಗದ ಮಾತಿದೆ. ಕಥೆ ಬೇಕಿದ್ದರೆ ಇರಲಿ, ಕಥೆ ಎಂದೇ ಹೇಳಿಸಿ. 1956ರ ನವೆಂಬರ್ 1ರಂದು ‘ಕರ್ನಾಟಕ ರಾಜ್ಯ’ ಉದಯವಾಯಿತು ಎಂದು ಬರೆಯುತ್ತಾರೆ. ಆಗ ಅದು ಮೈಸೂರು ರಾಜ್ಯ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ನಿಜ. ‘ಏಷ್ಯಾದಲ್ಲೇ ಮೊದಲು’ ಎಂಬುದನ್ನು ತೆಗೆಯಿರಿ, ಕೋಲ್ಕತ್ತಕ್ಕೆ 1899ರಲ್ಲೇ ವಿದ್ಯುತ್ ಬಂದಿತ್ತು.

ಆಮೇಲೆ ವಾಕ್ಯ. ‘ಕಳೆದ ಸಾಲಿನಲ್ಲಿ ನಡೆಸಲ್ಪಟ್ಟ ಆರೋಗ್ಯ ತಪಾಸಣಾ ಶಿಬಿರವು ಅತ್ಯಂತ ಯಶಸ್ವಿಯಾಗಿ ನೆರವೇರಿಸಲ್ಪಟ್ಟಿತು ಎಂದು ಹೇಳಲು ಹರ್ಷವೆನಿಸುತ್ತದೆ’ ಎಂಬುದನ್ನು ‘ಶಿಬಿರ ಯಶಸ್ವಿಯಾಯಿತು’ ಎಂದು ಚುಟುಕು ಮಾಡಿದರೆ ಅದು ತಿದ್ದಿದ ಹಾಗಲ್ಲ. ಅಲ್ಲಿ ಸುದ್ದಿಯೇ ಇಲ್ಲ. ಎಷ್ಟು ಜನ ಬಂದರು, ಎಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಅವತ್ತೇ ಗೊತ್ತಾಯಿತು ಎಂದು ಕೇಳಿ. ಉತ್ತರ ಬಂದರೆ ವಾಕ್ಯ ತಾನೇ ನೆಟ್ಟಗಾಗುತ್ತದೆ.

ಮುಟ್ಟಬಾರದ್ದೂ ಇದೆ. ಧಾರವಾಡದವರ ಅಜ್ಜಿ ‘ಎಲ್ಲಿ ಹೊಂಟಿ?’ ಎಂದರೆ ಅದನ್ನು ‘ಎಲ್ಲಿಗೆ ಹೊರಟೆ?’ ಮಾಡಬೇಡಿ. ಮೂವತ್ತು ಲೇಖನ ಒಬ್ಬರೇ ಬರೆದಂತೆ ಕಂಡರೆ ಸಂಪಾದಕರು ಅತಿಯಾಗಿ ಕೈಯಾಡಿಸಿದ್ದಾರೆಂದೇ ಅರ್ಥ. ವಾಕ್ಯಗಳಲ್ಲಿ ಮೂರರಲ್ಲೊಂದು ಬದಲಾಗುವಂತಿದ್ದರೆ ನೀವು ಬರೆಯುವುದನ್ನು ನಿಲ್ಲಿಸಿ, ಟಿಪ್ಪಣಿ ಹಾಕಿ ಲೇಖಕರಿಗೇ ಮರಳಿಸಿ.

ಈಚೆಗೆ ಚಾಟ್‌ಬಾಟ್ ಬರೆದ ಲೇಖನಗಳೂ ಸೇರಿಕೊಳ್ಳುತ್ತಿವೆ. ಪ್ಯಾರಾಗಳೆಲ್ಲ ಒಂದೇ ಉದ್ದ, ಒಂದು ಬೀದಿಯ ಹೆಸರೂ ಇಲ್ಲ, ಕೊನೆಯಲ್ಲಿ ಉಪದೇಶ. ಜಗಳ ಬೇಡ, ‘ಸರ್, ಇದರಲ್ಲಿ ನೀವು ಕಂಡ ಎರಡು ಜಾಗ, ಒಬ್ಬ ಮನುಷ್ಯ ಬರಲಿ’ ಎಂದು ಕೇಳಿ. ನಿಜವಾಗಿ ಬರೆಯಬಲ್ಲವರು ಬರೆದು ಕಳಿಸುತ್ತಾರೆ.

ಕಾಗುಣಿತದ ಸರದಿ ಈಗ. ಒಂದು ಪುಟದ ಪಟ್ಟಿ ಸಾಕು: ಸಂದರ್ಭ, ವಿದ್ಯಾರ್ಥಿ, ವಿಶಿಷ್ಟ, ಕನಿಷ್ಠ, ಜವಾಬ್ದಾರಿ, ಉಚ್ಚಾರಣೆ, ಮಧ್ಯಾಹ್ನ, ಚಿಹ್ನೆ, ಕವಯಿತ್ರಿ. ಎರಡು ರೂಪ ಬಳಕೆಯಲ್ಲಿದ್ದರೆ ಒಂದನ್ನು ಆರಿಸಿ ಪಟ್ಟಿಗೆ ಹಾಕಿ. ‘ಶ್ರೀ’ ಎಲ್ಲರಿಗೂ ಹಾಕಿ ಅಥವಾ ಯಾರಿಗೂ ಬೇಡ. ನನ್ನ ಮತ ಯಾರಿಗೂ ಬೇಡ ಎನ್ನುವುದಕ್ಕೆ.

ಕವನ ಮರುಮುದ್ರಿಸುವ ಆಸೆ ಇದ್ದರೆ ತಿಳಿದಿರಲಿ, ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಇಡೀ ಕವನ ಹಾಕಲು ಅನುಮತಿ ಬೇಕೇ ಬೇಕು. ಕೃಪೆ ಎಂದು ಕೆಳಗೆ ಹಾಕಿದರೆ ಅನುಮತಿ ಆಗುವುದಿಲ್ಲ.

ಲೇಖಕರಿಗೆ ತೋರಿಸುವುದು

ಕೆಂಪು ಗೆರೆಗಳ ಕಡತವನ್ನು ಕಳಿಸಬೇಡಿ. ನಾಲ್ಕು ಅಲ್ಪವಿರಾಮ ಬದಲಿಸಿದ್ದೂ ಅಲ್ಲಿ ರಕ್ತಪಾತದಂತೆ ಕಾಣುತ್ತದೆ. ಶುದ್ಧ ಪ್ರತಿ, ಜತೆಗೆ ಮೂರು ಪ್ರಶ್ನೆ ಕಳಿಸಿ. ‘ಇದು ತಪ್ಪು’ ಎನ್ನುವ ಬದಲು ‘ಈ ಇಸವಿ ಎಲ್ಲಿ ಸಿಕ್ಕಿತು ಮೇಡಂ?’ ಎಂದು ಕೇಳಿ. ಹಿರಿಯರಿಗೆ ದೊಡ್ಡಕ್ಷರದ ಪ್ರಿಂಟ್ ಕೊಡಿ.

ಅಚ್ಚಿಗೆ ಮೊದಲು

ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿಯೇ ತರಿಸಿ. ನಾಲ್ಕಂಗುಲ ಅಗಲಕ್ಕೆ 1200 ಪಿಕ್ಸೆಲ್ ಬೇಕು.

ಕರಡು ತಿದ್ದುವುದು ಪುಟ ಕಟ್ಟಿದ ನಂತರ, ಕಾಗದದ ಮೇಲೆ. ಕೆಲವು ಪ್ರೆಸ್‌ಗಳು ಇನ್ನೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲೇ ಪುಟ ಕಟ್ಟುತ್ತವೆ. ಅದು ಯೂನಿಕೋಡ್ ಕನ್ನಡವನ್ನು ಒಪ್ಪದು, ಆದ್ದರಿಂದ ನಿಮ್ಮ ಕಡತವನ್ನು ಮತ್ತೆ ನುಡಿಗೆ ತಿರುಗಿಸುತ್ತಾರೆ. ಸರಿಪಡಿಸಿದ ಅರ್ಕಾವೊತ್ತು ಅಲ್ಲಿ ಇನ್ನೊಮ್ಮೆ ಕೆಡಬಹುದು. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ನೋಡಲಿ. ಶೀರ್ಷಿಕೆ, ಚಿತ್ರದ ಅಡಿಬರಹ, ಪರಿವಿಡಿಯ ಪುಟಸಂಖ್ಯೆ, ದಾನಿಗಳ ಹೆಸರು, ಜಾಹೀರಾತಿನ ಫೋನ್ ನಂಬರ್ ಇವನ್ನು ಬೇರೆಯಾಗಿ ಇನ್ನೊಮ್ಮೆ ನೋಡಿ. ಎಲ್ಲರ ಕಣ್ಣು ತಪ್ಪುವುದು ದೊಡ್ಡಕ್ಷರದಲ್ಲೇ. ಸೆಂಟರ್ ಪಿನ್ (ಹಾಳೆ ಮಡಿಸಿ ಮಧ್ಯದಲ್ಲಿ ಪಿನ್) ಹೊಡೆಸುವುದಾದರೆ ಒಟ್ಟು ಪುಟಗಳು ನಾಲ್ಕರಿಂದ ಭಾಗವಾಗುವಂತಿರಬೇಕು.

ಕೊನೆಯ ಕರಡಿನ ಪ್ರತಿ ಪುಟಕ್ಕೂ ಸಹಿ ಹಾಕಿ ಕೊಡಿ. ಆಮೇಲೆ ಅಧ್ಯಕ್ಷರು, ಖಜಾಂಚಿ ಯಾರೇ ‘ಒಂದೇ ಒಂದು ಪದ’ ಎಂದು ಫೋನ್ ಮಾಡಿದರೂ ನಿಮ್ಮನ್ನು ಕೇಳದೆ ಬದಲಿಸಬಾರದು ಎಂದು ಪ್ರೆಸ್‌ನವರಿಗೆ ಮೊದಲೇ ಹೇಳಿಡಿ.